ಮುಂದಿಂದು ಬರಲ್ಲ, ಹಿಂದೆ ಹಾಕಿ

ಪೆನ್‌ಡ್ರೈವ್ ಹಿಡಿದುಕೊಂಡು ಹೋದರೆ ಜೆರಾಕ್ಸ್ ಅಂಗಡಿ, ಸೊಸೈಟಿ ಆಫೀಸು, ಶಾಲೆಯ ಹೆಡ್‌ಮಾಸ್ಟರ್ ರೂಮು, ಎಲ್ಲಿ ನೋಡಿದರೂ ಒಂದೇ ಮಾತು: "ಮುಂದಿಂದು ಬರಲ್ಲ, ಹಿಂದೆ ಹಾಕಿ." ಹೇಳುವವರ ದನಿಯಲ್ಲಿ ಬೇಸರವೂ ಇರುವುದಿಲ್ಲ. ಅಷ್ಟು ಅಭ್ಯಾಸವಾಗಿ ಹೋಗಿದೆ. ಗೋಡೆಗೆ ಒತ್ತಿಕೊಂಡಿರುವ ಸಿಪಿಯು ಡಬ್ಬಿಯನ್ನು ಸ್ವಲ್ಪ ಓರೆ ಮಾಡಬೇಕು, ಮೊಬೈಲಿನ ಟಾರ್ಚ್ ಹಾಕಬೇಕು, ಧೂಳು ಮತ್ತು ಜೇಡರ ಬಲೆಯ ನಡುವೆ ಬೆರಳಿನಿಂದ ತಡವಿ ಜಾಗ ಹುಡುಕಬೇಕು. ಅಷ್ಟರಲ್ಲಿ ಮಾನಿಟರಿನ ವೈರ್ ಸಡಿಲವಾಗಿ ಸ್ಕ್ರೀನ್ ಕಪ್ಪಾಗುತ್ತದೆ. ಇಲ್ಲಾ ಪವರ್ ಕೇಬಲ್ಲೇ ಅಲ್ಲಾಡಿ, ಸೇವ್ ಮಾಡದ ಫೈಲ್ ಹೋಗುತ್ತದೆ. ಮುಂದುಗಡೆ, ಪವರ್ ಬಟನ್ನಿನ ಕೆಳಗೆ ಕೈಗೆ ಸಿಗುವ ಜಾಗದಲ್ಲೇ ಪೆನ್‌ಡ್ರೈವ್ ಹಾಕುವ ಎರಡು ಯುಎಸ್‌ಬಿ ಪೋರ್ಟುಗಳಿರುತ್ತವೆ. ಅವನ್ನು ಯಾರೂ ಮುಟ್ಟುವುದಿಲ್ಲ.

ಇದು ಬಹಳ ದಿನದಿಂದ ನನ್ನನ್ನು ಕಾಡುತ್ತಿದೆ. ಕೆಟ್ಟುಹೋದದ್ದು ಒಂದೆರಡು ಕಡೆಯಾದರೆ ಸರಿ. ಇಷ್ಟೊಂದು ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಅದೇ ಜಾಗ, ಅದೇ ತೊಂದರೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ವಾ? ಸಿಕ್ಕ ಕಡೆಯೆಲ್ಲ ಡಬ್ಬಿ ಬಿಚ್ಚಿ ನೋಡುತ್ತಾ ಬಂದಿದ್ದೇನೆ. ನನಗೆ ಕಂಡಿದ್ದು ಇಷ್ಟು: ಈ ಪೋರ್ಟುಗಳಲ್ಲಿ ಹೆಚ್ಚಿನವು ಕೆಟ್ಟಿಲ್ಲ. ಅವನ್ನು ಯಾರೂ ಜೋಡಿಸಿಯೇ ಇಲ್ಲ. ಜೋಡಿಸಿದ್ದರೂ ಸರಿಯಾಗಿ ಜೋಡಿಸಿಲ್ಲ. ಆ ಜೋಡಣೆ ಯಾರ ಕೆಲಸ ಅನ್ನುವುದು ಮೊದಲಿನಿಂದಲೂ ತೀರ್ಮಾನವಾಗಿಲ್ಲ.

ಅತ್ತಿಗೆಯ ಅಂಗಡಿ

ನಮ್ಮ ಅತ್ತಿಗೆ ತಾಲ್ಲೂಕು ಆಫೀಸಿನ ಎದುರು ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಅಲ್ಲಿರುವುದು ಅಸೆಂಬಲ್ ಮಾಡಿಸಿದ ಹಳೆಯ ಕಂಪ್ಯೂಟರ್. ಜಿ31 ಚಿಪ್‌ಸೆಟ್ಟಿನ ಬೋರ್ಡ್ (ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡ್), ಎರಡು ಜಿಬಿ ರ್‍ಯಾಮ್. ಹೊಸದು ತಗೊಳ್ಳಿ ಅಂತ ಬಂದವರೆಲ್ಲ ಹೇಳುತ್ತಾರೆ. ಡಿಟಿಪಿ ಕೆಲಸ ಗೊತ್ತಿರುವವರು ಮಾತ್ರ ಹೇಳುವುದಿಲ್ಲ. ಲಗ್ನಪತ್ರಿಕೆ, ಕರಪತ್ರ, ಸಂಘದ ವಾರ್ಷಿಕ ವರದಿ, ಜಾತ್ರೆಯ ಆಹ್ವಾನ ಪತ್ರಿಕೆ, ಎಲ್ಲವೂ ಅವರ ಹತ್ತಿರ ಪೇಜ್‌ಮೇಕರ್ ಅನ್ನುವ ಪುಟ ವಿನ್ಯಾಸದ ಸಾಫ್ಟ್‌ವೇರಿನ ಫೈಲುಗಳಾಗಿ ಇವೆ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಅದರ ನಂತರ ಅದು ಬೆಳೆಯಲೇ ಇಲ್ಲ. ಅಕ್ಷರಗಳೆಲ್ಲ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟಿನವು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಹೊಸ ಮೆಷಿನ್ನಿಗೆ ಹೋದರೆ ಹಳೆಯ ಫೈಲ್ ತೆರೆದಾಗ ಅಕ್ಷರದ ಜಾಗದಲ್ಲಿ ಗೀಟು ಚುಕ್ಕಿ ಕಾಣಿಸುವ ಭಯ. ಹೋದ ವರ್ಷದ ಆಹ್ವಾನ ಪತ್ರಿಕೆ ತೆಗೆದು, ತಾರೀಖು ಬದಲಿಸಿ, ಹತ್ತು ನಿಮಿಷದಲ್ಲಿ ಪ್ರಿಂಟ್ ಕೊಡುವುದೇ ಅವರ ವ್ಯಾಪಾರ. ಹಾಗಾಗಿ ಆ ಮೆಷಿನ್ ಅವರಿಗೆ ಇನ್ನೂ ಬೇಕು. ಹಳೆಯ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ದುಡ್ಡಿಲ್ಲದೆ ಇಟ್ಟುಕೊಂಡಿರುವುದಿಲ್ಲ ಅನ್ನುವುದನ್ನು ಕಂಪ್ಯೂಟರ್ ಮಾರುವವರು ಒಪ್ಪುವುದು ಕಷ್ಟ.

ನಾನು ಹೋಗಿದ್ದ ದಿನ ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ತಮ್ಮ ಊರಿನ ಕೆರೆ, ದೇವಸ್ಥಾನ, ಶಾಲೆ ಎಲ್ಲದರ ಕತೆಯನ್ನು ಮನೆಯಲ್ಲೇ ಕೂತು ನುಡಿಯಲ್ಲಿ ಟೈಪ್ ಮಾಡಿದ್ದರು. ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಅತ್ತಿಗೆ ಅದನ್ನು ತಗೊಂಡು, ಕುರ್ಚಿಯಿಂದ ಇಳಿದು, ಒಂದು ಕೈ ಟೇಬಲ್ಲಿಗೆ ಊರಿ ಮಂಡಿಯ ಮೇಲೆ ಕೂತರು. ಅವರಿಗೆ ಮಂಡಿ ನೋವು. "ಅಯ್ಯೋ ಬಿಡಿ ತಾಯಿ, ಮುಂದೆ ಇದೆಯಲ್ಲ" ಅಂದರು ಮೇಷ್ಟ್ರು. "ಅದು ಬರಲ್ಲ ಸಾರ್" ಅಂದರು ಅತ್ತಿಗೆ, ಟೇಬಲ್ ಕೆಳಗಿನಿಂದ.

ಮೇಷ್ಟ್ರು ಹೋದ ಮೇಲೆ ಕೇಳಿದೆ, "ಯಾವಾಗ ಕೆಟ್ಟಿದ್ದು ಅತ್ತಿಗೆ?"

"ತಂದಾಗಿಂದ ಹಂಗೇ ಇದೆ ಕಣಪ್ಪ."

ತಂದಾಗಿನಿಂದ! ಅಂದರೆ ವರ್ಷಾನುಗಟ್ಟಲೆ, ದಿನಾ ಎಷ್ಟೋ ಸಲ, ಅವರು ಹೀಗೆ ಮಂಡಿಯೂರಿ ಕೂತಿದ್ದಾರೆ. ಅಸೆಂಬಲ್ ಮಾಡಿಕೊಟ್ಟವರನ್ನು ಆಗಲೇ ಕೇಳಿದ್ದರಂತೆ. "ಹಿಂದೆ ನಾಲ್ಕಿದಾವಲ್ಲ ಮೇಡಂ" ಅನ್ನುವ ಉತ್ತರ ಬಂತಂತೆ. ಕೇಳಿ ನನಗೆ ಸಿಟ್ಟು ಬಂತು. ಯಾವ ಅಂಗಡಿ ಅಂತ ಹೇಳುವುದು ಬೇಡ. ಈ ಉತ್ತರ ಅವರೊಬ್ಬರದೇ ಅಲ್ಲ.

ಬಿಚ್ಚಿ ನೋಡಿದರೆ

ಸಂಜೆ ಶಟರ್ ಅರ್ಧ ಎಳೆದ ಮೇಲೆ ಡಬ್ಬಿಯನ್ನು ಟೇಬಲ್ ಮೇಲಿಟ್ಟು ಬಿಚ್ಚಿದೆ. ಪವರ್ ಕೇಬಲ್ ತೆಗೆದು, ಪವರ್ ಬಟನ್ ಒಂದು ಸಲ ಒತ್ತಿ ಒಳಗೆ ಉಳಿದ ಕರೆಂಟು ಇಳಿಸಿ, ಎಡಗಡೆಯ ಬಾಗಿಲಿನ ಎರಡು ಸ್ಕ್ರೂ ಬಿಚ್ಚಿದರೆ ಸಾಕು. ಬಾಗಿಲು ಹಿಂದಕ್ಕೆ ಜಾರುತ್ತದೆ. ಒಳಗೆ ಫ್ಯಾನಿನ ಸುತ್ತ ಧೂಳು ಕಂಬಳಿ ಕಟ್ಟಿತ್ತು. ಅದನ್ನು ಪೇಂಟ್ ಬ್ರಷ್ಷಿನಲ್ಲಿ ಮೆಲ್ಲಗೆ ತೆಗೆದೆ.

ಮುಂಭಾಗದಿಂದ ಒಂದು ಕಟ್ಟು ವೈರು ಬರುತ್ತದೆ. ಪವರ್ ಸ್ವಿಚ್, ರೀಸೆಟ್, ಎರಡು ದೀಪದ ವೈರುಗಳು. ಇವು ತೆಳ್ಳಗೆ, ಪುಟ್ಟ ಪುಟ್ಟ ಪ್ಲಗ್ಗು. ಅವೆಲ್ಲ ಬೋರ್ಡಿನ ಮೂಲೆಗೆ ಸೇರಿದ್ದವು. ಸೇರಲೇಬೇಕು, ಅವಿಲ್ಲದೆ ಕಂಪ್ಯೂಟರ್ ಆನ್ ಆಗುವುದಿಲ್ಲ, ಗಿರಾಕಿ ದುಡ್ಡು ಕೊಡುವುದಿಲ್ಲ. ಜೊತೆಗೆ ಎರಡು ದಪ್ಪ ವೈರು ಇದ್ದವು. ಅವನ್ನು ಮಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಡಿವಿಡಿ ಡ್ರೈವಿನ ಕೆಳಗಿನ ಖಾಲಿ ಜಾಗಕ್ಕೆ ತುರುಕಿದ್ದರು. ರಬ್ಬರ್ ಬ್ಯಾಂಡ್ ಮುಟ್ಟಿದ ತಕ್ಷಣ ಪುಡಿಯಾಯಿತು. ವೈರಿನ ಕೊನೆಯಲ್ಲಿ ಕಪ್ಪು ಪ್ಲಗ್ಗು, ಅದರ ಮೇಲೆ ಬಿಳಿ ಅಕ್ಷರದಲ್ಲಿ ಯುಎಸ್‌ಬಿ ಅಂತ ಬರೆದಿತ್ತು. ಒಳಗಿನ ಲೋಹ ಪಳಪಳ ಹೊಳೆಯುತ್ತಿತ್ತು. ಒಮ್ಮೆಯೂ ಯಾವ ಪಿನ್ನಿಗೂ ಸೇರಿರಲಿಲ್ಲ.

ಬೋರ್ಡಿನ ಕೆಳಅಂಚಿನಲ್ಲಿ ಅದರ ಜಾಗ ಸುಮ್ಮನೆ ಕಾಯುತ್ತಿತ್ತು. ಎರಡು ಸಾಲು, ಸಾಲಿಗೆ ಐದು ಪಿನ್ ಬರುವ ಜಾಗ, ಒಂದು ಮೂಲೆಯಲ್ಲಿ ಪಿನ್ ಇಲ್ಲ. ಪಕ್ಕದಲ್ಲೇ ಎಫ್ ಯುಎಸ್‌ಬಿ ಅಂತ ಅಚ್ಚು. ಪ್ಲಗ್ಗಿನಲ್ಲೂ ಅದೇ ಮೂಲೆಯ ತೂತು ಮುಚ್ಚಿರುತ್ತದೆ, ಹಾಗಾಗಿ ಉಲ್ಟಾ ಹೋಗುವುದಿಲ್ಲ. ಬೆರಳಿನಿಂದ ನೇರವಾಗಿ ಒತ್ತಿದೆ, ಕೂತಿತು. ಕೆಲಸ ಇಷ್ಟೇ.

ಈ ಬೋರ್ಡುಗಳಲ್ಲಿ ಐಸಿಎಚ್7 ಅನ್ನುವ ಚಿಪ್ ಇರುತ್ತದೆ. ಅದು ಒಟ್ಟು ಎಂಟು ಯುಎಸ್‌ಬಿ ಪೋರ್ಟುಗಳನ್ನು ನಡೆಸಬಲ್ಲದು. ನಾಲ್ಕನ್ನು ಬೋರ್ಡ್ ಮಾಡಿದವರೇ ಹಿಂದುಗಡೆ ಬೆಸುಗೆ ಹಾಕಿ ಕೊಟ್ಟಿರುತ್ತಾರೆ. ಉಳಿದ ನಾಲ್ಕು ಈ ಪಿನ್ನುಗಳ ಮೇಲೆ ಬಂದು ನಿಲ್ಲುತ್ತವೆ. ಅಂದರೆ ದುಡ್ಡು ಕೊಟ್ಟು ತಂದ ಪೋರ್ಟುಗಳಲ್ಲಿ ಅರ್ಧದಷ್ಟು ಅತ್ತಿಗೆಯ ಅಂಗಡಿಯಲ್ಲಿ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ.

ಇದು ಯಾರ ಕೆಲಸ?

ಕ್ಯಾಬಿನೆಟ್, ಅಂದರೆ ಈ ಡಬ್ಬಿ, ಮಾಡುವವರು ಮುಂದೆ ತೂತು ಕೊರೆದು, ಪೋರ್ಟು ಕೂರಿಸಿ, ವೈರು ಎಳೆದು ಬಿಡುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಬೋರ್ಡು ಮಾಡುವವರು ಪಿನ್ನು ಕೊಟ್ಟು ಬಿಡುತ್ತಾರೆ. ಅಲ್ಲಿಗೆ ಅವರದೂ ಮುಗಿಯಿತು. ನಡುವಿನ ಒಂದು ಗೇಣು ಜಾಗ ಅಸೆಂಬಲ್ ಮಾಡುವ ಹುಡುಗನದು. ಅವನಿಗೆ ಆ ದಿನ ಇನ್ನೂ ಎಷ್ಟೋ ಮೆಷಿನ್ ಕಟ್ಟಬೇಕು. ಯುಎಸ್‌ಬಿ ವೈರು ತಪ್ಪಾಗಿ ಹಾಕಿದರೆ ಗಿರಾಕಿಯ ಪೆನ್‌ಡ್ರೈವ್ ಸುಟ್ಟು ಅವನ ತಲೆಗೆ ಬರುತ್ತದೆ. ಹಾಕದೇ ಬಿಟ್ಟರೆ ಯಾರೂ ಕೇಳುವುದಿಲ್ಲ. ಅವನ ಜಾಗದಲ್ಲಿ ನಿಂತು ನೋಡಿದರೆ ರಬ್ಬರ್ ಬ್ಯಾಂಡ್ ಯಾಕೆ ಬಂತು ಅನ್ನುವುದು ಅರ್ಥವಾಗುತ್ತದೆ.

ಅವನ ಭಯ ಸುಳ್ಳೂ ಅಲ್ಲ. ಯುಎಸ್‌ಬಿ ಹುಟ್ಟಿದ್ದೇ ಜೋಡಿಸುವ ಕಷ್ಟ ತಪ್ಪಿಸಲಿಕ್ಕೆ. ಇಂಟೆಲ್‌ನಲ್ಲಿ ಅದರ ಹಿಂದೆ ದುಡಿದವರಲ್ಲಿ ಮುಖ್ಯರಾದ ಅಜಯ್ ಭಟ್ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್, ಡಿಇಸಿ, ಎನ್‌ಇಸಿ, ನಾರ್ಟೆಲ್, ಈ ಏಳು ಕಂಪನಿಗಳು ಕೂತು ಒಪ್ಪಿಕೊಂಡು 1996ರಲ್ಲಿ ಮೊದಲ ಯುಎಸ್‌ಬಿ ಬಂತು. ಹೊರಗಿನ ಪ್ಲಗ್ಗು ಹೇಗಿರಬೇಕು, ಯಾವ ಪಿನ್ನು ಉದ್ದ, ಯಾವುದು ಗಿಡ್ಡ ಅನ್ನುವವರೆಗೆ ಎಲ್ಲ ಬರೆದಿಟ್ಟರು. ಕರೆಂಟಿನ ಪಿನ್ನುಗಳು ಡೇಟಾ ಪಿನ್ನುಗಳಿಗಿಂತ ಉದ್ದ ಇರುವುದು ಅದಕ್ಕೇ. ಮೊದಲು ಕರೆಂಟು ಸೇರಲಿ, ಆಮೇಲೆ ಮಾತುಕತೆ ಶುರುವಾಗಲಿ ಅಂತ. ಡಬ್ಬಿಯ ಹೊರಗಿನದಕ್ಕೆ ಇಷ್ಟೆಲ್ಲ ಎಚ್ಚರ. ಒಳಗಿನ ಪಿನ್ನುಗಳ ವಿಷಯದಲ್ಲಿ ಮಾತ್ರ ಶುರುವಿನಲ್ಲಿ ಒಬ್ಬೊಬ್ಬ ಬೋರ್ಡ್ ತಯಾರಕರದು ಒಂದೊಂದು ದಾರಿ. ಒಬ್ಬರ ಬೋರ್ಡಿನಲ್ಲಿ ಎರಡೂ ಸಾಲು ಒಂದೇ ದಿಕ್ಕಿಗೆ, ಇನ್ನೊಬ್ಬರದರಲ್ಲಿ ಒಂದು ಸಾಲು ಉಲ್ಟಾ. ಆಮೇಲೆ ಇಂಟೆಲ್ ಒಂದು ಮಾದರಿ ಬರೆದು ಕೊಟ್ಟಿತು. ಮೂಲೆಯ ಪಿನ್ನಿಲ್ಲದ ಈ ಒಂಬತ್ತು ಪಿನ್ನಿನ ಜೋಡಣೆ ಹಾಗೆ ನೆಲೆಯಾಯಿತು.

ಅದಕ್ಕೂ ಹಿಂದಿನ ಕ್ಯಾಬಿನೆಟ್ಟುಗಳಲ್ಲಿ ಒಂದೇ ಪ್ಲಗ್ಗು ಇರುತ್ತಿರಲಿಲ್ಲ. ಬಿಡಿ ಬಿಡಿ ವೈರುಗಳು, ಒಂದೊಂದರ ತುದಿಗೂ ಒಂದು ತೂತಿನ ಪ್ಲಗ್ಗು. ಪೆಂಟಿಯಂ 4 ಕಾಲದ ಡಬ್ಬಿ ಬಿಚ್ಚಿದರೆ ಈಗಲೂ ಇವು ಸಿಗುತ್ತವೆ. ಯುಎಸ್‌ಬಿ 2.0ರವರೆಗೆ ಪೋರ್ಟಿಗೆ ಬೇಕಾದ್ದು ನಾಲ್ಕೇ ವೈರು. ಕೆಂಪು ಅಂದರೆ ಐದು ವೋಲ್ಟು, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್ (ಇವೆರಡು ಡೇಟಾ ವೈರುಗಳು), ಕಪ್ಪು ಗ್ರೌಂಡ್, ಅಂದರೆ ಕರೆಂಟು ವಾಪಸ್ ಹೋಗುವ ವೈರು. ಇದು ಪುಸ್ತಕದ ಬಣ್ಣ. ಕಡಿಮೆ ಬೆಲೆಯ ಕ್ಯಾಬಿನೆಟ್ಟುಗಳಲ್ಲಿ ಫ್ಯಾಕ್ಟರಿಯಲ್ಲಿ ಯಾವ ಬಣ್ಣ ಉಳಿದಿತ್ತೋ ಅದನ್ನು ಹಾಕಿರುತ್ತಾರೆ. ಬಣ್ಣ ನಂಬಬಾರದು, ಪ್ಲಗ್ಗಿನ ಮೇಲಿನ ಅಕ್ಷರ ಓದಬೇಕು. ವಿಸಿಸಿ ಅಂದರೂ ಐದು ವೋಲ್ಟೇ. ಪಿನ್ ಇಲ್ಲದ ಮೂಲೆಯನ್ನು ಹಿಡಿದು, ಅದರ ಎದುರು ತುದಿಯಿಂದ ಎಣಿಸಿಕೊಂಡು ಬರಬೇಕು: ಐದು ವೋಲ್ಟು, ಡಿ ಮೈನಸ್, ಡಿ ಪ್ಲಸ್, ಗ್ರೌಂಡ್. ಎರಡೂ ಸಾಲಿಗೆ ಅದೇ ಕ್ರಮ. ತೀರಾ ಹಳೆಯ ಬೋರ್ಡಾದರೆ ಅದರ ಮ್ಯಾನುಯಲ್ ಸಿಗುವವರೆಗೆ ಕೈ ಹಾಕದೇ ಇರುವುದು ಒಳ್ಳೆಯದು. ಡಿ ಪ್ಲಸ್ ಮತ್ತು ಡಿ ಮೈನಸ್ ಅದಲು ಬದಲಾದರೆ ಸಾಮಾನ್ಯವಾಗಿ ಏನೂ ಸುಡುವುದಿಲ್ಲ, ಡಿವೈಸ್ ಗುರುತಿಸಲಾಗಲಿಲ್ಲ ಅಂತ ವಿಂಡೋಸ್ ಹೇಳುತ್ತದೆ ಅಷ್ಟೇ. ಕರೆಂಟು ಮತ್ತು ಗ್ರೌಂಡ್ ಅದಲು ಬದಲಾದರೆ ಪೆನ್‌ಡ್ರೈವ್ ಬಿಸಿಯಾಗಿ ಸಾಯುತ್ತದೆ, ಅದರಲ್ಲಿದ್ದದ್ದೂ ಹೋಗುತ್ತದೆ. ಮೇಷ್ಟ್ರ ಊರಿನ ಕತೆಯಂಥದ್ದು ಅದರಲ್ಲಿರಬಹುದು.

ಇನ್ನೊಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಕೆಲವು ಹಳೆಯ ಬೋರ್ಡುಗಳಲ್ಲಿ 1394 ಅಂತ ಅಚ್ಚಾದ ಪಿನ್ನುಗಳಿರುತ್ತವೆ, ಫೈರ್‌ವೈರ್‌ನದು. ಮದುವೆ ವಿಡಿಯೋದವರು ಕ್ಯಾಮೆರಾದಿಂದ ಕ್ಯಾಸೆಟ್ ಇಳಿಸಲಿಕ್ಕೆ ಬಳಸುತ್ತಿದ್ದದ್ದು ಅದೇ. ನೋಡಲಿಕ್ಕೆ ಥೇಟ್ ಯುಎಸ್‌ಬಿ ಪಿನ್ನುಗಳ ಹಾಗೆ, ಅದೇ ಮೂಲೆ ಖಾಲಿ. ಯುಎಸ್‌ಬಿ ಪ್ಲಗ್ಗು ಅದರ ಮೇಲೆ ಸಲೀಸಾಗಿ ಕೂರುತ್ತದೆ. ಆದರೆ ಯುಎಸ್‌ಬಿಯಲ್ಲಿ ಗ್ರೌಂಡ್ ಇರುವ ಜಾಗದಲ್ಲಿ ಅಲ್ಲಿ 12 ವೋಲ್ಟು ಇರುತ್ತದೆ. ಪೆನ್‌ಡ್ರೈವ್ ಹಾಕಿದರೆ ಅದೂ ಹೋಗಬಹುದು, ಬೋರ್ಡೂ ಹೋಗಬಹುದು. ಒಂದೇ ಅಳತೆಯ ಪ್ಲಗ್ಗನ್ನು ಎರಡು ಬೇರೆ ವೋಲ್ಟೇಜಿಗೆ ಬಳಸಿದ್ದು ನನ್ನ ಪ್ರಕಾರ ದೊಡ್ಡ ತಪ್ಪು. ಅದಕ್ಕೆ ಬೆಲೆ ತೆತ್ತವರು ಅಸೆಂಬಲ್ ಮಾಡುವ ಹುಡುಗರು ಮತ್ತು ಅವರ ಗಿರಾಕಿಗಳು.

ಜೋಡಿಸಿದ ಮೇಲೂ ಬರದಿದ್ದರೆ

ಪ್ಲಗ್ಗು ಸರಿಯಾಗಿ ಕೂತಿದ್ದೂ ಪೋರ್ಟು ಸತ್ತ ಹಾಗೇ ಇರುವುದುಂಟು. ಆಗ ಮಲ್ಟಿಮೀಟರ್ ಬೇಕು. ಪ್ಲಗ್ಗು ತೆಗೆದು, ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಹಿಡಿದು, ಕೆಂಪು ಕಡ್ಡಿಯನ್ನು ಮೊದಲ ಪಿನ್ನಿಗೆ ಮುಟ್ಟಿಸಬೇಕು. ಮೆಷಿನ್ ಆನ್ ಇರುವಾಗ ಐದು ವೋಲ್ಟಿನ ಆಸುಪಾಸು ತೋರಿಸಬೇಕು. ಕಡ್ಡಿ ಜಾರಿ ಪಕ್ಕದ ಪಿನ್ನಿಗೆ ತಾಗದ ಹಾಗೆ ನೋಡಿಕೊಳ್ಳಬೇಕು. ಸೊನ್ನೆ ತೋರಿಸಿದರೆ ಬೋರ್ಡಿನಿಂದಲೇ ಕರೆಂಟು ಬರುತ್ತಿಲ್ಲ ಅಂತ ಅರ್ಥ. ಹಳೆಯ ಬೋರ್ಡುಗಳಲ್ಲಿ ಇದಕ್ಕೆ ಬಹಳ ಸಲ ಒಂದು ಜಂಪರ್ ಕಾರಣ, ಅಂದರೆ ಮೂರು ಪಿನ್ನುಗಳಲ್ಲಿ ಎರಡನ್ನು ಸೇರಿಸುವ ಪುಟ್ಟ ಟೋಪಿ. ಆ ಟೋಪಿ ಯುಎಸ್‌ಬಿಗೆ ಮಾಮೂಲಿ ಐದು ವೋಲ್ಟು ಕೊಡಬೇಕೋ, ಕಂಪ್ಯೂಟರ್ ಆಫ್ ಇದ್ದಾಗಲೂ ಇರುವ ಸ್ಟ್ಯಾಂಡ್‌ಬೈ ಐದು ವೋಲ್ಟು ಕೊಡಬೇಕೋ ಅಂತ ತೀರ್ಮಾನಿಸುತ್ತದೆ. ಟೋಪಿ ಬಿದ್ದುಹೋಗಿದ್ದರೆ ಎರಡೂ ಇಲ್ಲ. ಕೆಟ್ಟ ಬೋರ್ಡಿನಿಂದ ಒಂದು ಟೋಪಿ ಕಿತ್ತು ಹಾಕಿದರೆ ಸರಿಹೋಗುತ್ತದೆ. ಜಂಪರ್ ಸರಿ ಇದ್ದರೆ ಪಕ್ಕದಲ್ಲೇ ಇರುವ ಫ್ಯೂಸ್ ನೋಡಬೇಕು. ಇದು ಸುಟ್ಟು ಹೋಗುವ ಫ್ಯೂಸ್ ಅಲ್ಲ. ಜಾಸ್ತಿ ಕರೆಂಟು ಹರಿದಾಗ ಬಿಸಿಯಾಗಿ ತಡೆಯುತ್ತದೆ, ಆರಿದ ಮೇಲೆ ಮತ್ತೆ ಬಿಡುತ್ತದೆ. ಹಾಗಾಗಿ ಪವರ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು.

ಕರೆಂಟು ಇದೆ, ಪೆನ್‌ಡ್ರೈವಿನ ದೀಪ ಹೊತ್ತುತ್ತದೆ, ಸ್ಕ್ರೀನಿನಲ್ಲಿ ಮಾತ್ರ ಏನೂ ಬರುವುದಿಲ್ಲ ಅಂದರೆ ಬಯೋಸ್ (ಕಂಪ್ಯೂಟರ್ ಆನ್ ಆದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್) ನೋಡಬೇಕು. ಯುಎಸ್‌ಬಿ ಕಂಟ್ರೋಲರನ್ನು ಅಲ್ಲಿ ಆಫ್ ಮಾಡುವ ಅವಕಾಶ ಇರುತ್ತದೆ. ವೈರಸ್ ಭಯಕ್ಕೆ ಪೆನ್‌ಡ್ರೈವ್ ಬರಲೇಬಾರದು ಅಂತ ಆಫೀಸುಗಳಲ್ಲಿ ಆಫ್ ಮಾಡಿಸಿಟ್ಟ ಮೆಷಿನ್‌ಗಳು ಆಮೇಲೆ ಹರಾಜಿನಲ್ಲಿ ಮನೆಗಳಿಗೆ ಬರುತ್ತವೆ. ಆದರೆ ಅಲ್ಲಿ ಆಫ್ ಆಗಿದ್ದರೆ ಸಾಮಾನ್ಯವಾಗಿ ಹಿಂದಿನವೂ ಬರುವುದಿಲ್ಲ. ಹಿಂದಿನವು ಬಂದು ಮುಂದಿನವು ಮಾತ್ರ ಬರದಿದ್ದರೆ ಡ್ರೈವರ್, ವಿಂಡೋಸ್ ಅಂತ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಎರಡೂ ಒಂದೇ ಚಿಪ್ಪಿನಿಂದ ಬರುವಂಥವು. ತೊಂದರೆ ಸಾಮಾನ್ಯವಾಗಿ ವೈರಿನಲ್ಲಿ ಇರುತ್ತದೆ. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಿ ದುಡ್ಡು ತಗೊಳ್ಳುವವರಿದ್ದಾರೆ, ಅದಕ್ಕೇ ಈ ಮಾತು ಹೇಳುತ್ತಿದ್ದೇನೆ.

ವೇಗದ್ದು ಬೇರೆ ಕತೆ. ಯುಎಸ್‌ಬಿ 2.0 ಬಂದಿದ್ದು 2000ದಲ್ಲಿ. ವಿಂಡೋಸ್ ಎಕ್ಸ್‌ಪಿಗೆ ಅದು ಅರ್ಥವಾಗಿದ್ದು 2002ರ ಸರ್ವಿಸ್ ಪ್ಯಾಕ್ 1ರಿಂದ. ಹಳೆಯ ಯುಎಸ್‌ಬಿ ಸೆಕೆಂಡಿಗೆ 12 ಮೆಗಾಬಿಟ್, 2.0 ಅಂದರೆ 480. ಹಾಗಂದರೆ 700 ಎಂಬಿ ಫೈಲು ಒಂದು ಕಡೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಇನ್ನೊಂದು ಕಡೆ ಹತ್ತು ನಿಮಿಷ ದಾಟುತ್ತದೆ. 480ರ ವೇಗದಲ್ಲಿ ಹರಿಯುವಾಗ ಡಿ ಪ್ಲಸ್, ಡಿ ಮೈನಸ್ ವೈರುಗಳು ಒಂದಕ್ಕೊಂದು ಹೆಣೆದುಕೊಂಡಿರಬೇಕು, ಮೇಲೆ ಲೋಹದ ಹೊದಿಕೆ ಇರಬೇಕು. ಬಿಡಿ ವೈರಿನ ಹಳೆಯ ಕ್ಯಾಬಿನೆಟ್ಟಿನಲ್ಲಿ ಇವೆರಡೂ ಇರುವುದಿಲ್ಲ. ಅಂಥ ಕಡೆ ಮೌಸು, ಕೀಬೋರ್ಡು ಚೆನ್ನಾಗಿ ನಡೆಯುತ್ತವೆ, ಪೆನ್‌ಡ್ರೈವ್ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಹೊರಗಿನ ಹಾರ್ಡ್‌ಡಿಸ್ಕ್ ಟಕ್ ಟಕ್ ಅನ್ನುತ್ತದೆ, ತಿರುಗುವುದಿಲ್ಲ. ಪೋರ್ಟಿನ ಲೆಕ್ಕ 500 ಮಿಲಿಆಂಪ್. ಹಾರ್ಡ್‌ಡಿಸ್ಕ್ ತಿರುಗಲು ಶುರು ಮಾಡುವಾಗ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಹಿಂದಿನ ಪೋರ್ಟು ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಹೇಗೋ ತಡೆದುಕೊಳ್ಳುತ್ತದೆ. ಮುಂದಿನ ಸಣ್ಣ ವೈರಿನಲ್ಲಿ ವೋಲ್ಟೇಜ್ ಇಳಿದುಬಿಡುತ್ತದೆ. ಹಾರ್ಡ್‌ಡಿಸ್ಕನ್ನು ಹಿಂದೆಯೇ ಹಾಕಿ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇದೆ.

ಜುಂ ಅನ್ನುವ ಡಬ್ಬಿ

ಪರಿಚಯದ ಟೀಚರೊಬ್ಬರು ಕರೆದರು ಅಂತ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ದಾನಿಗಳು ಕೊಟ್ಟ ಹಳೆಯ ಕಂಪ್ಯೂಟರುಗಳು ಅಲ್ಲಿದ್ದವು. ಎಲ್ಲದರ ಮುಂದಿನ ಪೋರ್ಟಿನ ಮೇಲೂ ಅಡ್ಡಲಾಗಿ ಕಂದು ಟೇಪ್ ಅಂಟಿಸಿತ್ತು. ಕೆಲಸ ಮಾಡುವುದಿಲ್ಲ ಅಂತ ಅಂಟಿಸಿರಬೇಕು ಅಂದುಕೊಂಡು ಕೇಳಿದೆ. ಟೀಚರ್ ಬಾಯಿ ತೆರೆಯುವ ಮೊದಲೇ ಮುಂದೆ ಕೂತಿದ್ದ ಹುಡುಗಿ ಹೇಳಿದಳು: "ಜುಂ ಅಂತದೆ ಸಾರ್, ಮುಟ್ಟಿದ್ರೆ."

ಬರಿಗಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ಕೂತು ಪೆನ್‌ಡ್ರೈವ್ ಹಾಕಲು ಹೋದ ಮಕ್ಕಳಿಗೆ ಬೆರಳು ಪೋರ್ಟಿನ ಲೋಹಕ್ಕೆ ತಾಗಿದಾಗ ಜುಂ ಅನ್ನುತ್ತಿತ್ತು. ಕ್ಯಾಬಿನೆಟ್ಟಿನ ಉಳಿದ ಭಾಗಕ್ಕೆ ಬಣ್ಣ ಬಳಿದಿರುತ್ತದೆ. ಮುಂದುಗಡೆ ಬರಿ ಲೋಹ ಕೈಗೆ ಸಿಗುವುದು ಈ ಪೋರ್ಟಿನ ಅಂಚಿನಲ್ಲೇ. ಟೆಸ್ಟರ್ ಇಟ್ಟು ನೋಡಿದೆ, ಮಂದವಾಗಿ ದೀಪ ಹೊತ್ತಿತು.

ಇದು ಪೋರ್ಟಿನ ತಪ್ಪಲ್ಲ. ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಒಳಗೆ, ಕರೆಂಟು ಬರುವ ಜಾಗದಲ್ಲಿ, ಕರೆಂಟಿನಲ್ಲಿರುವ ಗದ್ದಲ ತಡೆಯಲಿಕ್ಕೆ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಡಬ್ಬಿಯ ಲೋಹಕ್ಕೆ, ಇನ್ನೊಂದು ನ್ಯೂಟ್ರಲ್ಲಿನಿಂದ ಡಬ್ಬಿಯ ಲೋಹಕ್ಕೆ. ಅರ್ತ್ ವೈರು ಸರಿಯಾಗಿದ್ದರೆ ಅವು ಬಿಡುವ ಚೂರು ಕರೆಂಟು ನೆಲಕ್ಕೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಡಬ್ಬಿ ಎರಡರ ನಡುವೆ ನೇತಾಡುತ್ತದೆ, 230 ವೋಲ್ಟಿನ ಅರ್ಧ, ಸುಮಾರು 115 ವೋಲ್ಟಿನಲ್ಲಿ. ಹರಿಯುವ ಕರೆಂಟು ಒಂದು ಮಿಲಿಆಂಪಿಗಿಂತ ಕಡಿಮೆ, ಅದಕ್ಕೇ ಜುಂ ಅನ್ನುತ್ತದೆ, ಹೊಡೆದು ಬೀಳಿಸುವುದಿಲ್ಲ. ಆದರೆ ಎಸ್‌ಎಂಪಿಎಸ್ ಒಳಗೆ ಬೇರೆ ಏನಾದರೂ ಕೆಟ್ಟು ಫೇಸ್ ನೇರವಾಗಿ ಡಬ್ಬಿಗೆ ತಾಗಿದರೆ ಕಾಪಾಡಲು ಅರ್ತ್ ಬಿಟ್ಟು ಬೇರೇನೂ ಇಲ್ಲ. ಮಕ್ಕಳ ಕೈಯ ವಿಷಯ ಇದು.

ಸ್ವಿಚ್ ಬೋರ್ಡಿನಲ್ಲಿ ಮೂರು ತೂತಿನ ಸಾಕೆಟ್ ಇತ್ತು. ಮೇಲಿನ ದೊಡ್ಡ ತೂತಿಗೆ ಹಿಂದೆ ವೈರೇ ಇರಲಿಲ್ಲ. ಹಳೆಯ ಕಟ್ಟಡದಲ್ಲಿ ಬಲ್ಬಿಗೂ ಫ್ಯಾನಿಗೂ ಎಳೆದ ಎರಡು ವೈರಿನ ಮೇಲೆ ಆಮೇಲೆ ಕಂಪ್ಯೂಟರ್ ಕೂರಿಸಿದರು. ಅರ್ತ್ ಇಲ್ಲದ ಕಡೆ ಮುಂದಿನ ಪೋರ್ಟಿಗೆ ಇನ್ನೊಂದು ಅಪಾಯವೂ ಇದೆ. ಬೇರೆ ಪ್ಲಗ್ಗಿನಿಂದ ಕರೆಂಟು ತಗೊಂಡ ಪ್ರಿಂಟರನ್ನು ಯುಎಸ್‌ಬಿಗೆ ಹಾಕಿದ ಗಳಿಗೆಯಲ್ಲಿ ಡಬ್ಬಿಯ ಮೇಲೆ ನೇತಾಡುವ ಆ ವೋಲ್ಟೇಜು ಈ ವೈರಿನಲ್ಲೇ ದಾರಿ ಹುಡುಕುತ್ತದೆ. ಕ್ಯಾಬಿನೆಟ್ ಒಳ್ಳೆಯದಾದರೆ ಪೋರ್ಟಿನ ಹೊರಕವಚ ಲೋಹಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಪ್ಲಾಸ್ಟಿಕ್ ಮುಖದಲ್ಲಿ ಸುಮ್ನೆ ತೇಲುವ ಪೋರ್ಟಾದರೆ ಎಲ್ಲವೂ ಆ ಸಣ್ಣ ಗ್ರೌಂಡ್ ವೈರಿನಲ್ಲಿ ಬೋರ್ಡಿನವರೆಗೆ ಹೋಗುತ್ತದೆ. ಪೋರ್ಟು ಸುಡುವ ದಾರಿಗಳಲ್ಲಿ ಇದೂ ಒಂದು.

ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿ ತೆಗೆಸಿ, ಸಾಕೆಟ್ಟಿಗೆ ಹಸಿರು ವೈರು ಎಳೆಸಿ ಅಂತ ಹೇಳಿದೆ. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಡುತ್ತೇವೆ ಅಂದರು. ಅದಾಗುವವರೆಗೆ ಟೇಪ್ ತೆಗೆಯಬೇಡಿ ಅಂತಲೂ ಹೇಳಿದೆ. ಟೇಪ್ ಅಂಟಿಸಿದ ಆ ಟೀಚರ್ ಎಲೆಕ್ಟ್ರಿಕಲ್ ಓದಿಲ್ಲ, ಆದರೆ ಮಕ್ಕಳ ಬೆರಳಿನ ಬಗ್ಗೆ ಅವರು ಮಾಡಿದ ತೀರ್ಮಾನ ಸರಿಯಾಗಿತ್ತು.

ಸವೆಯುವ ವಸ್ತು

ಅತ್ತಿಗೆಯ ಅಂಗಡಿಯಲ್ಲಿ ಪ್ಲಗ್ಗು ಹಾಕಿದ ಮೇಲೆ ಎರಡರಲ್ಲಿ ಒಂದು ಪೋರ್ಟು ಬಂತು. ಇನ್ನೊಂದು ಬರಲಿಲ್ಲ. ಟಾರ್ಚ್ ಹಾಕಿ ಒಳಗೆ ನೋಡಿದರೆ ಪ್ಲಾಸ್ಟಿಕ್ ನಾಲಿಗೆ ಅರ್ಧಕ್ಕೆ ಮುರಿದಿತ್ತು, ಒಂದು ಲೋಹದ ಪಟ್ಟಿ ಮೇಲಕ್ಕೆ ಎದ್ದಿತ್ತು. ಯಾರೋ ಗಿರಾಕಿ ಉಲ್ಟಾ ಹಿಡಿದು ಜೋರಾಗಿ ತಳ್ಳಿರಬೇಕು. ಹೀಗೆ ಎದ್ದ ಪಟ್ಟಿ ಹೊರಕವಚಕ್ಕೆ ತಾಗಿದರೆ ಐದು ವೋಲ್ಟು ಶಾರ್ಟ್ ಆಗಿ ಕಂಪ್ಯೂಟರ್ ಆನೇ ಆಗದೆ ಹೋಗಬಹುದು. ಆ ಪೋರ್ಟಿನ ವೈರನ್ನು ಬೋರ್ಡಿನಿಂದ ತೆಗೆದು ಇನ್ಸುಲೇಶನ್ ಟೇಪ್ ಸುತ್ತಿ ಬಿಟ್ಟೆ.

ಯುಎಸ್‌ಬಿಯ ಈ ಅಗಲದ ಪೋರ್ಟಿಗೆ ನಿಯಮದಲ್ಲಿ ಬರೆದಿರುವ ಕನಿಷ್ಠ ಬಾಳಿಕೆ 1500 ಸಲ ಹಾಕಿ ತೆಗೆಯುವುದು. ಮನೆಯಲ್ಲಿ ಅದು ವರ್ಷಗಟ್ಟಲೆ ಬರುತ್ತದೆ. ದಿನಕ್ಕೆ ಹತ್ತು ಪೆನ್‌ಡ್ರೈವ್ ಬರುವ ಅಂಗಡಿಯಲ್ಲಿ ಐದು ತಿಂಗಳಿಗೆ ಆ ಲೆಕ್ಕ ಮುಗಿಯುತ್ತದೆ. ಅಂದರೆ ಅಂಗಡಿಯವರಿಗೆ ಇದು ಸವೆಯುವ ವಸ್ತು, ಪ್ರಿಂಟರಿನ ಇಂಕಿನ ಹಾಗೆ ಆಗಾಗ ಬದಲಿಸಬೇಕಾದದ್ದು. ಬದಲಿಸುವುದೂ ಸುಲಭ. ಕಂಪ್ಯೂಟರ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬರಿ ಪೋರ್ಟು ಮತ್ತು ವೈರು ಇರುವ ಪಟ್ಟಿಗಳು ಸಿಗುತ್ತವೆ. ಹಿಂದುಗಡೆಯ ಖಾಲಿ ಸ್ಲಾಟಿಗೆ ಹಾಕುವ ಬ್ರಾಕೆಟ್ಟೂ ಸಿಗುತ್ತದೆ, ಆದರೆ ಅದು ಮತ್ತೆ ಹಿಂದಕ್ಕೇ ಒಯ್ಯುತ್ತದೆ. ಈಗಿನ ಕ್ಯಾಬಿನೆಟ್ ತಂದು ಹಳೆಯ ಬೋರ್ಡ್ ಕೂರಿಸುವವರಿಗೆ ಬೇರೆ ತೊಡಕು. ನೀಲಿ ಪೋರ್ಟಿನ (ಹೆಚ್ಚು ವೇಗದ ಯುಎಸ್‌ಬಿ 3.0) ವೈರಿಗೆ 19 ಪಿನ್ನಿನ ದಪ್ಪ ಪ್ಲಗ್ಗು ಇರುತ್ತದೆ, ಹಳೆಯ ಬೋರ್ಡಿನಲ್ಲಿ ಅದಕ್ಕೆ ಜಾಗ ಇಲ್ಲ. 19ರಿಂದ ಒಂಬತ್ತಕ್ಕೆ ಇಳಿಸುವ ಅಡಾಪ್ಟರ್ ಹಾಕಿದರೆ ಪೋರ್ಟು ಬರುತ್ತದೆ, ವೇಗ ಮಾತ್ರ 2.0ರದ್ದೇ.

ಇದ್ಯಾವುದೂ ಬೇಡ, ಡಬ್ಬಿ ಬಿಚ್ಚುವುದೇ ಬೇಡ ಅನ್ನುವವರು ಹಿಂದಿನ ಒಂದು ಪೋರ್ಟಿಗೆ ಒಳ್ಳೆಯ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಟೇಬಲ್ ಮೇಲೆ ತಂದಿಟ್ಟುಕೊಳ್ಳಬಹುದು. ಒಂದೂವರೆ ಮೀಟರಿನದು ಸಾಕು. ಅತ್ತಿಗೆಗೆ ನಾನು ಕೊನೆಗೆ ಅದನ್ನೂ ಹಾಕಿಕೊಟ್ಟೆ. ಗಿರಾಕಿಗಳ ಪೆನ್‌ಡ್ರೈವೆಲ್ಲ ಆ ಕೇಬಲ್ಲಿಗೆ, ಸವೆದರೆ ಕೇಬಲ್ ಎಸೆದು ಇನ್ನೊಂದು ತರುವುದು. ಕ್ಯಾಬಿನೆಟ್ಟಿನ ಮುಂದಿನ ಪೋರ್ಟು ಅವರ ಸ್ವಂತ ಬ್ಯಾಕಪ್ ಪೆನ್‌ಡ್ರೈವಿಗೆ ಮಾತ್ರ. ಪೇಜ್‌ಮೇಕರ್ ಫೈಲುಗಳನ್ನೆಲ್ಲ ಈಗ ಅವರು ದಿನಾ ಸಂಜೆ ಅದಕ್ಕೆ ಇಳಿಸಿಕೊಳ್ಳುತ್ತಿದ್ದಾರೆ. ಮೊದಲು ಯಾಕೆ ಮಾಡುತ್ತಿರಲಿಲ್ಲ ಅಂತ ಕೇಳಿದ್ದಕ್ಕೆ, "ಅದಕ್ಕೋಸ್ಕರ ಯಾರು ಬಗ್ಗೋದು ಹೇಳು" ಅಂದರು.